ಕೆಂಪಯ್ಯನ ಕಾರಿನ ಸ್ಟೀರಿಂಗ್ ಶಬ್ದ

ಗ್ಯಾರೇಜಿಗೆ ಬೀಗ ಹಾಕಿ ನಾಲ್ಕು ವರ್ಷವಾಯಿತು. ಈಗ ಮಾಗಡಿ ತಾಲ್ಲೂಕಿನ ನಮ್ಮೂರಲ್ಲೇ ಇದ್ದೇನೆ. ಗಾಡಿ ಕೆಳಗೆ ತೂರಿ ಮಲಗುವ ಶಕ್ತಿ ಮೊಣಕಾಲಿಗೆ ಉಳಿದಿಲ್ಲ. ಆದರೂ ರಸ್ತೆಯಲ್ಲಿ ಯಾವುದಾದರೂ ಗಾಡಿ ಹಾದುಹೋದರೆ ಅದರ ಯಾವ ಬೇರಿಂಗ್ ಸವೆದಿದೆ ಎಂದು ಕಿವಿ ತಾನಾಗಿಯೇ ಲೆಕ್ಕ ಹಾಕುತ್ತದೆ. ಹೋದ ತಿಂಗಳು ಐ.ಟಿ.ಐ. ಮೇಷ್ಟ್ರೊಬ್ಬರು ಮನೆಗೆ ಬಂದಿದ್ದರು. "ಎಂಜಿನ್ ಬಿಚ್ಚೋದು, ಕಟ್ಟೋದು ಎಲ್ಲ ಪುಸ್ತಕದಲ್ಲಿದೆ ಸ್ವಾಮಣ್ಣ. ಪುಸ್ತಕದಲ್ಲಿ ಇಲ್ಲದ್ದನ್ನ ನೀವು ಬರೆದುಕೊಡಿ. ಈ ಕೆಲಸಕ್ಕೆ ಬರೋರಿಗೆ ಬೇಕು" ಅಂದರು.

ನನ್ನ ಪೂರ್ತಿ ಹೆಸರು ಮರಿಸ್ವಾಮಿ. ಇಪ್ಪತ್ತೆಂಟು ವರ್ಷ ರಾಮನಗರದಲ್ಲಿ ಗಾಡಿ ರಿಪೇರಿ ಮಾಡಿದವನು. ಎಷ್ಟು ಗಾಡಿ ಸರಿ ಮಾಡಿದೆ, ಯಾರು ಬಂದು ಶಾಲು ಹೊದಿಸಿದರು ಎಂದು ಬರೆಯುವುದರಿಂದ ಹೊಸಬರಿಗೆ ಏನೂ ಆಗಬೇಕಾದ್ದಿಲ್ಲ. ಸರಿಯಾಗಿ ಮಾಡಿದ ಕೆಲಸ ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಮಾಡಿದವನ ನೆನಪಿನಲ್ಲೂ ಉಳಿಯುವುದಿಲ್ಲ. ಕೆಟ್ಟದ್ದು ಉಳಿಯುತ್ತದೆ. ಅದನ್ನೇ ಬರೆಯುತ್ತೇನೆ.

ನನಗೆ ಕೆಲಸ ಕಲಿಸಿದವರು ರಹಮತ್ ಸಾಬ್. ಬಸ್ ಸ್ಟ್ಯಾಂಡ್ ಹಿಂದೆ ಅವರ ಗ್ಯಾರೇಜು. ಎತ್ತರದ ಆಳು, ಮಾತು ಕಡಿಮೆ, ಬೈಯುವುದಿದ್ದರೂ ಮೆಲ್ಲಗೆ ಬೈಯುತ್ತಿದ್ದರು. ಗಿರಾಕಿ ಬಂದು "ಶಬ್ದ ಬರ್ತದೆ" ಅಂದರೆ ಅವರು ಬಾನೆಟ್ ಎತ್ತುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಹೋಗಿ ಕೂರುತ್ತಿದ್ದರು. "ನೀವೇ ಓಡಿಸಿ, ದಿನಾ ಹೆಂಗೆ ಓಡಿಸ್ತೀರೋ ಹಂಗೇ" ಅನ್ನುತ್ತಿದ್ದರು.

ನಾನು ಸೇರಿ ಮೂರನೆಯ ವರ್ಷ. ಸಾವನದುರ್ಗದ ಕಡೆಯಿಂದ ಒಂದು ಜೀಪು ಬಂತು. ಬಲಕ್ಕೆ ತಿರುಗಿಸಿದಾಗಲೆಲ್ಲ ಸ್ಟೀರಿಂಗ್‌ನಲ್ಲಿ 'ಟಣ್' ಎಂದು ಶಬ್ದ. ಸಾಬರು ಊರಲ್ಲಿರಲಿಲ್ಲ. ನನ್ನ ಕೈಯಲ್ಲೇ ಆಗುತ್ತದೆ ಎಂಬ ಜಂಬ ನನಗೆ. ಸ್ಟೀರಿಂಗ್ ಬಾಕ್ಸ್ ಪೂರ್ತಿ ಬಿಚ್ಚಿ, ಬೇರಿಂಗ್ ತೊಳೆದು, ಗ್ರೀಸ್ ತುಂಬಿ, ನಾಲ್ಕು ದಿನ ಹಿಡಿದು ಕಟ್ಟಿದೆ. ಜೀಪಿನವನು ಓಡಿಸಿ ನೋಡಿ, "ಅಂಗೇ ಐತಲ್ಲಪ್ಪಾ" ಅಂದ. ಅಷ್ಟರಲ್ಲಿ ಸಾಬರು ಬಂದರು. ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತರು. ರೈಲ್ವೆ ಗೇಟಿನ ತನಕವೂ ಹೋಗಲಿಲ್ಲ, ಗಾಡಿ ವಾಪಸ್ ಬಂತು. ಜೀಪಿನವನ ಬಲಗೈಯಲ್ಲಿ ದಪ್ಪ ಬೆಳ್ಳಿ ಕಡಗ ಇತ್ತು. ಬಲಕ್ಕೆ ಎಳೆದಾಗಲೆಲ್ಲ ಅದು ಜಾರಿ ಹಾರ್ನ್ ರಿಂಗಿಗೆ ಬಡಿಯುತ್ತಿತ್ತು. ಸಾಬರು ಅವನ ಕಡಗವನ್ನು ಒಸಿ ಮೇಲಕ್ಕೆ ಸರಿಸಿ, "ಈಗ ಓಡ್ಸಿ" ಅಂದರು. ಶಬ್ದವಿಲ್ಲ. ನನ್ನನ್ನು ಒಳಗೆ ಕರೆದು, "ಗಿರಾಕಿ ಮಾತು ಮುಗಿಯೋ ತನಕ ಪಾನಾ ಮುಟ್ಬೇಡ ಬೇಟಾ. ಅವನು ಗಾಡಿ ಜೊತೆ ದಿನಾ ಇರ್ತಾನೆ. ನೀನು ಇವತ್ತು ನೋಡ್ದೋನು" ಅಂದರು. ಪಾನಾ ಅಂದರೆ ಸ್ಪ್ಯಾನರ್. ಅವತ್ತು ತಲೆ ಆಡಿಸಿದೆ. ಆದರೆ ಮಾತು ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ.

ಮುಂದೆ ಕನಕಪುರ ರಸ್ತೆಯಲ್ಲಿ ನನ್ನದೇ ಶೆಡ್ಡು ಹಾಕಿದೆ. ಎರಡು ಸಾವಿರದ ಇಸವಿಯ ಈಚೆಗೆ ನಮ್ಮ ಕಡೆ ಎಲ್ಲವೂ ಬದಲಾಯಿತು. ಹೆದ್ದಾರಿಯ ಅಕ್ಕಪಕ್ಕದ ರಾಗಿ ಹೊಲಗಳಲ್ಲಿ ಮೊದಲು ಕಲ್ಲುಕಂಬದ ಬೇಲಿ ಬಂತು, ಆಮೇಲೆ ತಗಡಿನ ಚಾವಣಿ, ಆಮೇಲೆ ಶಿಫ್ಟಿನ ಸೈರನ್ನು. ಕಾರ್ಖಾನೆಯ ಎಂಜಿನಿಯರುಗಳು ಮೂರು ವರ್ಷಕ್ಕೊಮ್ಮೆ ಕಾರು ಬದಲಾಯಿಸುತ್ತಿದ್ದರು. ಆ ಹಳೆಯ ಕಾರುಗಳು ಬ್ರೋಕರ್‌ಗಳ ಕೈದಾಟಿ ನಮ್ಮ ಹಳ್ಳಿಗಳಿಗೆ ಇಳಿಯುತ್ತಿದ್ದವು. ಎತ್ತಿನ ಗಾಡಿಯನ್ನು ಬಿಟ್ಟರೆ ಬೇರೆ ಗಾಡಿ ಕಾಣದ ಮನೆಗಳ ಮುಂದೆ ಕಾರುಗಳು ನಿಂತವು.

ನಮ್ಮ ಕೆಲಸವೂ ಬದಲಾಯಿತು. ಮೊದಲು ಸ್ಟೀರಿಂಗ್ ಸಡಿಲವಾದರೆ ಬಾಕ್ಸಿನ ಮೇಲಿನ ಸ್ಕ್ರೂ ಕಾಲು ಸುತ್ತು ಬಿಗಿದರೆ ಮುಗಿಯಿತು. ಪವರ್ ಸ್ಟೀರಿಂಗ್ ಬಂದ ಮೇಲೆ ಪಂಪು, ಪೈಪು, ಆಯಿಲ್ ಸೀಲು ಎಂದು ಹತ್ತು ಜಾಗ ಹುಡುಕಬೇಕಾಯಿತು. ಇನ್ನೂ ಈಚೆಗೆ ಮೋಟರ್ ಇರುವ ಸ್ಟೀರಿಂಗ್, ವೈರು ಸಿಕ್ಕಿಸಿ ದೋಷ ಹುಡುಕುವ ಸ್ಕ್ಯಾನರ್ ಮೆಷಿನ್ನು. ಸ್ಕ್ಯಾನರ್ ಒಳ್ಳೆಯ ಸಾಧನವೇ. ಆದರೆ ವೈರಿನಲ್ಲಿ ಏನಾಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಬೋಲ್ಟ್ ಬಿಗಿಯಾಗಿದೆಯೇ ಸಡಿಲವಾಗಿದೆಯೇ ಎಂದು ಹೇಳುವ ಮೆಷಿನ್ನು ನಾನು ಕೆಲಸ ಬಿಡುವ ತನಕ ಬಂದಿರಲಿಲ್ಲ.

ಆ ಕಾಲದಲ್ಲೇ ಕೆಂಪಯ್ಯ ಬಂದದ್ದು.

ಕನಕಪುರ ರಸ್ತೆಯಿಂದ ಒಳಗಿನ ಹಳ್ಳಿಯವನು. ಮೂವತ್ತು ಮೂವತ್ತೆರಡು ವಯಸ್ಸು. ಅವರ ಮನೆಯಲ್ಲಿ ಬೇಸಾಯದ ಜೊತೆಗೆ ಕುರಿ ಸಾಕಣೆ. ಅವನೂ ಅವನ ಅಣ್ಣನೂ ಮಾತಾಡಿಕೊಂಡು, ಅರ್ಧ ಹಿಂಡು ಮಾರಿ, ಚನ್ನಪಟ್ಟಣದ ಒಬ್ಬ ಬ್ರೋಕರ್ ಹತ್ತಿರ ಬಿಳಿ ಬಣ್ಣದ ಹಳೆಯ ಕಾರು ತಂದಿದ್ದರು. ಅವರ ಊರಿನ ನಾಲ್ಕು ಜನ ಹೆಂಗಸರು ಹೆದ್ದಾರಿ ಪಕ್ಕದ ಫ್ಯಾನ್ ಕಾರ್ಖಾನೆಗೆ ಹೋಗುತ್ತಿದ್ದರು. ಬೆಳಗಿನ ಶಿಫ್ಟಿಗೆ ಬಸ್ಸು ಇರಲಿಲ್ಲ. ಅವರನ್ನು ಕರೆದುಕೊಂಡು ಹೋಗಿ ಕರೆತರುವುದು ಕೆಂಪಯ್ಯನ ಕೆಲಸ. ಕಾರು ಬಂದು ಹತ್ತು ದಿನವೂ ಆಗಿರಲಿಲ್ಲ.

"ಸ್ವಾಮಣ್ಣ, ತಿರುಗ್ಸುವಾಗ ಟಕ್ ಅಂತೈತೆ. ಒಂದೊಂದ್ಸಲ ಅನ್ನಾಕಿಲ್ಲ. ಒಂದೊಂದ್ಸಲ ಮೂರು ಕಿತ ಅಂತೈತೆ" ಅಂದ.

"ಎಲ್ಲಿ ತಿರುಗ್ಸುವಾಗ?"

"ನಮ್ಮೂರ ಕೆರೆ ಏರಿ ಮ್ಯಾಗೆ. ಆಮ್ಯಾಕೆ ಕಾರ್ಖಾನೆ ಗೇಟಲ್ಲಿ."

ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಜ್ಯಾಕ್ ಹಾಕಿ ಮುಂದಿನ ಚಕ್ರ ಎತ್ತಿದೆ. ಎಡಚಕ್ರವನ್ನು ಹಿಡಿದು ಅಲುಗಿಸಿದರೆ ಅದನ್ನು ತಿರುಗಿಸುವ ಟೈ ರಾಡ್ ತುದಿಯಲ್ಲಿ ಕೂದಲೆಳೆಯಷ್ಟು ಆಟ ಇತ್ತು. ಕಳ್ಳ ಸಿಕ್ಕ ಅಂದುಕೊಂಡೆ. ಹೊಸದು ಹಾಕಿದೆ. ನಾನೊಬ್ಬನೇ ಕಾರು ತೆಗೆದುಕೊಂಡು ಹೆದ್ದಾರಿಯಲ್ಲಿ ಹೋಗಿ ಬಂದೆ. ಲಾರಿಗಳ ಗದ್ದಲದಲ್ಲಿ ಟಕ್ ಕೇಳಿಸಲಿಲ್ಲ. "ಹೋಗು, ಆಯ್ತು" ಅಂದೆ.

ಒಂದು ವಾರಕ್ಕೆ ಮತ್ತೆ ಬಂದ. ಅದೇ ಶಬ್ದ. ಈ ಸಲ ಮುಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲುತುದಿಯ ಬೇರಿಂಗ್ ಮೇಲೆ ಅನುಮಾನಪಟ್ಟೆ. ಆ ಮಾದರಿಯ ಕಾರುಗಳಲ್ಲಿ ಅದು ಸಾಮಾನ್ಯ. ಎರಡೂ ಕಡೆ ಬದಲಾಯಿಸಿದೆ. ಗೆಳೆಯನೊಬ್ಬನಿಂದ ಸ್ಕ್ಯಾನರ್ ತರಿಸಿಯೂ ನೋಡಿದೆ. ಅದು ಏನೂ ತಪ್ಪಿಲ್ಲ ಅಂದಿತು. ನನಗೂ ಅದೇ ಬೇಕಾಗಿತ್ತು.

ಮೂರನೆಯ ಸಲ ಅವನು ಮಧ್ಯಾಹ್ನ, ಶಿಫ್ಟ್ ಮುಗಿಸಿದ ಹೆಂಗಸರನ್ನು ಕೂರಿಸಿಕೊಂಡೇ ಬಂದ. ಅವರಲ್ಲಿ ಸುನಂದ ಎನ್ನುವವಳು ಕೆಳಗಿಳಿದು ನನ್ನ ಹತ್ತಿರ ಬಂದಳು. ಇಪ್ಪತ್ತೈದರ ಆಸುಪಾಸು. ಕಾರ್ಖಾನೆಯ ನೀಲಿ ಕೋಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಅಣ್ಣ, ಅದು ಚಕ್ರದ ಕಡೆಯಿಂದ ಬತ್ತಾ ಇಲ್ಲ. ಕೆಂಪಣ್ಣನ ಕಾಲತ್ರದಿಂದ ಬತ್ತೈತೆ. ನಾನು ಅವನ ಹಿಂದ್ಗಡೆ ಸೀಟಲ್ಲೇ ದಿನಾ ಕೂರೋದು. ತಿರುಗ್ಸುವಾಗ ಅಲ್ಲ, ತಿರುಗ್ಸಿ ವಾಪಸ್ ತರ್ತಾನಲ್ಲ, ಆಗ" ಅಂದಳು.

"ಹಿಂದಿನ ಸೀಟಲ್ಲಿ ಕೂತು ನಿನಗೆ ಹೆಂಗಮ್ಮ ಗೊತ್ತಾಯ್ತು?"

"ನನ್ನ ಕೆಲಸನೇ ಅದು. ಲೈನ್ ಕೊನೇಲಿ ನಿಂತ್ಕೊಂಡು ಫ್ಯಾನ್ ತಿರುಗ್ಸಿ ಕೇಳ್ತೀನಿ. ಶಬ್ದ ಇದ್ರೆ ಪಕ್ಕಕ್ಕೆ ಇಡ್ತೀನಿ."

ನಾನು ನಕ್ಕುಬಿಟ್ಟೆ. ಕಾರೇ ಬೇರೆ ಫ್ಯಾನೇ ಬೇರೆ ಎಂದೆ. ಹೊಸ ಬೇರಿಂಗ್ ಕೂತುಕೊಳ್ಳಬೇಕು, ಎರಡು ದಿನ ಓಡಿಸಿ, ತಾನಾಗಿ ಸರಿ ಹೋಗುತ್ತದೆ ಎಂದೆ. ಆ ಮಾತಿಗೆ ಯಾವ ಆಧಾರವೂ ಇರಲಿಲ್ಲ. ಎರಡು ಸಲ ಸೋತವನು ಮೂರನೆಯ ಸಲ ಹೇಳುವ ಮಾತು ಅದು. ಸುನಂದ ನನ್ನ ಮುಖ ನೋಡಿ, ಹೋಗಿ ಕಾರಿನಲ್ಲಿ ಕೂತಳು.

ಮೂರನೆಯ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಒಂದು ಟ್ರ್ಯಾಕ್ಟರು ಆ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಜೊತೆಗೆ ಕೆಂಪಯ್ಯ ಮತ್ತು ಸುನಂದ. ಕೆಂಪಯ್ಯ ಹಗ್ಗ ಬಿಚ್ಚತೊಡಗಿದ. ನಡೆದದ್ದನ್ನು ಸುನಂದಳೇ ಹೇಳಿದಳು. ಕೆರೆ ಏರಿಯ ತಿರುವಿನಲ್ಲಿ ಕೆಂಪಯ್ಯ ಸ್ಟೀರಿಂಗ್ ತಿರುಗಿಸಿದ, ಕಾರು ತಿರುಗಲಿಲ್ಲ. ನೇರವಾಗಿ ನೀರಿನ ಕಡೆಗೇ ಹೋಯಿತು. ಏರಿಯ ಅಂಚಿನಲ್ಲಿ ಪಂಚಾಯ್ತಿಯವರು ಜಲ್ಲಿ ಸುರಿದಿದ್ದರು. ಆ ಗುಡ್ಡೆಗೆ ಮೂತಿ ತಗುಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಉಳಿದ ಮೂವರು ಹೆಂಗಸರು ನಡೆದುಕೊಂಡೇ ಮನೆಗೆ ಹೋದರಂತೆ.

"ಕೆರೆ ತುಂಬೈತೆ ಸ್ವಾಮಣ್ಣ" ಎಂದಷ್ಟೇ ಕೆಂಪಯ್ಯ ಅಂದ.

ನಾನು ಕಾರಿನ ಬಾಗಿಲು ತೆಗೆದೆ. ಮುಂದಿನ ಚಕ್ರಗಳು ನೇರವಾಗಿದ್ದವು, ಆದರೆ ಸ್ಟೀರಿಂಗ್ ಓರೆಯಾಗಿ ನಿಂತಿತ್ತು. ಮೇಲಿನದಕ್ಕೂ ಕೆಳಗಿನದಕ್ಕೂ ಹೊಂದಿಕೆ ತಪ್ಪಿದೆ ಎಂದು ಅರ್ಥ. ಸುನಂದಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಚಕ್ರ ಎತ್ತಲಿಲ್ಲ, ನೆಲದ ಮೇಲೇ ಇರಲಿ ಎಂದೆ. ಮೊದಲೆರಡು ಸಲ ಚಕ್ರ ಎತ್ತಿ ನೋಡಿದ್ದೇ ನನ್ನ ತಪ್ಪು. ಚಕ್ರ ಎತ್ತಿದಾಗ ಭಾರ ಇರುವುದಿಲ್ಲ. ಭಾರ ಇಲ್ಲದಿದ್ದರೆ ಸಡಿಲವಾದದ್ದೂ ಸುಮ್ಮನಿರುತ್ತದೆ.

"ಸ್ಟೀರಿಂಗನ್ನ ಪೂರ್ತಿ ತಿರುಗಿಸಬೇಡಮ್ಮ. ಆ ಕಡೆಗೆ ನಾಲ್ಕು ಬೆರಳು, ಈ ಕಡೆಗೆ ನಾಲ್ಕು ಬೆರಳು, ಅಷ್ಟೇ ಆಡಿಸು" ಎಂದು ಹೇಳಿ, ನಾನು ಪೆಡಲುಗಳ ಹತ್ತಿರ ತಲೆ ತೂರಿಸಿ ಅಂಗಾತ ಮಲಗಿದೆ. ಸ್ಟೀರಿಂಗ್‌ನಿಂದ ಇಳಿದು ಬರುವ ಶಾಫ್ಟು ಕೆಳಗೆ ಚಕ್ರಗಳನ್ನು ತಿರುಗಿಸುವ ರ್ಯಾಕ್‌ಗೆ ಸೇರುವ ಜಾಗದಲ್ಲಿ ಒಂದು ಕಪ್ಲಿಂಗ್ ಇರುತ್ತದೆ. ಅದನ್ನು ಹಿಡಿದಿಡುವುದು ಒಂದೇ ಒಂದು ಬೋಲ್ಟು. ಅದರ ಮೇಲೆ ಕೈ ಇಟ್ಟೆ. ಸುನಂದ ಆಡಿಸಿದಳು. ಟಕ್. ಟಕ್. ಬೆರಳ ಕೆಳಗೇ ಬಡಿಯಿತು.

"ಇದೇ ಅಣ್ಣ, ಇದೇ ಶಬ್ದ" ಎಂದಳು ಮೇಲಿನಿಂದ.

ಬೋಲ್ಟ್ ಬಿಚ್ಚಿ ತೆಗೆದೆ. ಇರಬೇಕಾದ ಅಳತೆಗಿಂತ ಒಂದು ಸೈಜು ಸಣ್ಣ ಬೋಲ್ಟು. ಅದು ಕುಣಿದು ಕುಣಿದು ಕಪ್ಲಿಂಗಿನ ಒಳಗಿನ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಏರಿ ಮೇಲೆ ಅವು ಹಿಡಿತ ತಪ್ಪಿ ಜಾರಿದ್ದವು. ಇನ್ನೊಂದು ತಿರುವಿಗೆ ಸ್ಟೀರಿಂಗ್ ಬರೀ ಕೈಗೆ ಬರುತ್ತಿತ್ತು.

ಬೋಲ್ಟನ್ನು ಬೆಳಕಿಗೆ ಹಿಡಿದೆ. ತಲೆಯ ಮೇಲೆ ಮಾಸಿದ ಹಳದಿ ಬಣ್ಣದ ಒಂದು ಚುಕ್ಕೆ. ಬಿಗಿ ಮಾಡಿದ ಬೋಲ್ಟಿಗೆಲ್ಲ ಕೊನೆಯಲ್ಲಿ ಹಳದಿ ಬಣ್ಣ ಮುಟ್ಟಿಸುವುದು ನನ್ನ ಅಭ್ಯಾಸ. ರಾಮನಗರದಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಮತ್ತೆ ಬಗ್ಗಿ ಪೆಡಲಿನ ಹತ್ತಿರದ ರಬ್ಬರ್ ಹಾಳೆ ಎತ್ತಿದೆ. ಕೆಳಗೆ ಬಿಳಿ ಬಣ್ಣವಿಲ್ಲ, ಮೆರೂನ್ ಬಣ್ಣ. ಕಾರಿಗೆ ಯಾರೋ ಮೈಪೂರ್ತಿ ಬಣ್ಣ ಬದಲಾಯಿಸಿದ್ದರು.

ಕೆಂಪಯ್ಯ ನನ್ನ ಕೈಯಿಂದ ಬೋಲ್ಟ್ ತೆಗೆದುಕೊಂಡು ನೋಡಿದ. ಅಳತೆ ಸಣ್ಣದು ಎಂದಷ್ಟೇ ಅವನಿಗೆ ಹೇಳಿದ್ದೆ. "ಆ ಬ್ರೋಕರ್ ನನ್ ಮಗ ಗೊತ್ತಿದ್ದೂ ಗೊತ್ತಿದ್ದೂ ತಲೆಗೆ ಕಟ್ಬುಟ್ಟ. ನಾಕು ಹೆಣ ಬೀಳೋವು ಇವತ್ತು. ಈಗ್ಲೇ ಚನ್ನಪಟ್ಟಣಕ್ಕೆ ಹೋಯ್ತೀನಿ, ಅವನ ಕೊಳ್ಪಟ್ಟಿ ಹಿಡೀತೀನಿ" ಅಂದವನೇ ಬಸ್ ಸ್ಟ್ಯಾಂಡ್ ಕಡೆ ಹೊರಟುಬಿಟ್ಟ. ಸುನಂದ ಕಾರ್ಖಾನೆಗೆ ತಡವಾಯಿತೆಂದು ಆಟೋ ಹತ್ತಿದಳು.

ನಾನು ಅವನನ್ನು ತಡೆಯಲಿಲ್ಲ. ಬಾಯಿ ತೆರೆದರೆ ಸಾಕಾಗಿತ್ತು. ತೆರೆಯಲಿಲ್ಲ. ಕೆಲಸಕ್ಕೆ ಹೊಸದಾಗಿ ಬರುವವರು ಈ ಜಾಗವನ್ನು ಎರಡು ಸಲ ಓದಿಕೊಳ್ಳಿ. ಬೋಲ್ಟ್ ಸಣ್ಣದು ಹಾಕಿದ್ದು ಒಂದು ತಪ್ಪು. ಬೇರೆಯವನ ಮೇಲೆ ಅಪವಾದ ಹೋಗುತ್ತಿರುವುದನ್ನು ನೋಡಿಕೊಂಡು ಸುಮ್ಮನೆ ನಿಂತದ್ದು ಅದಕ್ಕಿಂತ ದೊಡ್ಡ ತಪ್ಪು.

ಶೆಡ್ಡಿನ ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನ ಕೆಲಸದ ಪುಸ್ತಕಗಳಿದ್ದವು. ಯಾವ ಗಾಡಿ, ಏನು ಕೆಲಸ ಎಂದು ಒಂದೆರಡು ಸಾಲು ಬರೆದಿಡುತ್ತಿದ್ದೆ. ನಂಬರ್ ಹಿಡಿದು ಹುಡುಕಿದೆ. ಎರಡು ವರ್ಷದ ಹಿಂದಿನ ಪುಟದಲ್ಲಿ ಸಿಕ್ಕಿತು. ಮೆರೂನ್ ಕಾರು, ಕನಕಪುರದ ಡಾಕ್ಟರೊಬ್ಬರದು. ಆಯಿಲ್ ಸೋರುತ್ತಿದ್ದ ರ್ಯಾಕ್ ಬಿಚ್ಚಿ ರಿಪೇರಿ ಮಾಡಿ ಹಾಕಿದ್ದೆ. ಕೊನೆಯಲ್ಲಿ ನನ್ನದೇ ಅಕ್ಷರದಲ್ಲಿ 'ಬೋಲ್ಟ್ ತರಬೇಕು' ಎಂದಿತ್ತು. ಆಗ ನೆನಪಾಯಿತು. ಹಳೆಯ ಬೋಲ್ಟಿನ ಥ್ರೆಡ್ ಸವೆದಿತ್ತು. ಓಡಿಸಿ ನೋಡುವುದಕ್ಕೆ ಸಾಕು ಎಂದು ಡಬ್ಬಿಯಲ್ಲಿದ್ದ ಒಂದನ್ನು ಹಾಕಿದ್ದೆ. ಸಂಜೆ ಡಾಕ್ಟರ ಡ್ರೈವರು ಬಂದು, ಮದುವೆಗೆ ಹೋಗಬೇಕು, ಗಾಡಿ ಕೊಡಿ ಎಂದು ತಲೆಯ ಮೇಲೆ ಕೂತ. ಕೊಟ್ಟುಬಿಟ್ಟೆ. ಕೆಲಸ ಪೂರ್ತಿಯಾದರೆ ಆ ಸಾಲಿನ ಮುಂದೆ ಗೀಟು ಹಾಕುತ್ತಿದ್ದೆ. ಅಲ್ಲಿ ಗೀಟು ಇರಲಿಲ್ಲ.

ಆ ದಿನ ಬೇರೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಹೊಸ ಕಪ್ಲಿಂಗು, ಸರಿಯಾದ ಬೋಲ್ಟು ತಂದೆ.

ಮರುದಿನ ಬೆಳಿಗ್ಗೆ ಕೆಂಪಯ್ಯ ಬಂದ. ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. "ಕಬ್ಬಾಳಮ್ಮನ ಮ್ಯಾಲೆ ಆಣೆ ಇಡ್ತಾನೆ ಕಣಣ್ಣ, ನಂಗೆ ಗೊತ್ತಿರ್ನಿಲ್ಲ ಅಂತಾನೆ. ಸುಳ್ಳು ಮುಂಡೇಮಗ" ಅಂದ.

"ಅವನು ಸುಳ್ಳು ಹೇಳ್ತಿಲ್ಲ ಕೆಂಪಯ್ಯ" ಎಂದೆ. ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಬೋಲ್ಟಿನ ಮೇಲಿನ ಹಳದಿ ಚುಕ್ಕೆ ತೋರಿಸಿದೆ. ಕಪಾಟಿನಲ್ಲಿದ್ದ ಹಳದಿ ಬಣ್ಣದ ಡಬ್ಬಿಯನ್ನೂ ತೋರಿಸಿದೆ. "ಹಾಕಿದೋನು ನಾನು. ನಿನ್ನೆನೇ ಗೊತ್ತಾಯ್ತು. ನೀನು ಹೊರಟಾಗ ಹೇಳಬೇಕಾಗಿತ್ತು, ಹೇಳಲಿಲ್ಲ."

ಅವನು ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. ಆಮೇಲೆ ಹಿಂದಿನ ಪುಟ ತಿರುವಿದ. ಮುಂದಿನ ಪುಟ ತಿರುವಿದ. ತಲೆ ಎತ್ತಿ ಕೇಳಿದ.

"ಇದ್ರಲ್ಲಿ ಇನ್ನೂ ಎಷ್ಟು 'ತರಬೇಕು' ಐತೆ?"

ಅವನ ಕಾರಿನ ಮಾತಷ್ಟೇ ನನ್ನ ತಲೆಯಲ್ಲಿ ತುಂಬಿತ್ತು. ಬೇರೆ ಗಾಡಿಗಳ ಯೋಚನೆಯೇ ಬಂದಿರಲಿಲ್ಲ. ಅವನು ನನ್ನ ಸ್ಟೂಲಿನ ಮೇಲೆ ಕೂತುಕೊಂಡ. "ನೋಡು, ನಾನಿಲ್ಲೇ ಕುಂತಿರ್ತೀನಿ" ಅಂದ.

ಐದು ಪುಸ್ತಕ. ಮಧ್ಯಾಹ್ನದ ತನಕ ನೋಡಿದೆವು. ನಾನು ಓದುವುದು, ಅವನು ಗೀಟು ಇದೆಯೇ ಎಂದು ನೋಡುವುದು. ಗೀಟಿಲ್ಲದ್ದು ಸಿಕ್ಕಾಗಲೆಲ್ಲ ಅದು ಏನೆಂದು ಕೇಳುತ್ತಿದ್ದ. ಹೆಚ್ಚಿನವು ಅಪಾಯದ್ದಲ್ಲ. ಬಾಗಿಲ ರಬ್ಬರು, ವೈಪರ್ ಬ್ಲೇಡು ಹೀಗೆ. ಆದರೆ ಮೂರು ಉಳಿದವು. ಸಾವನದುರ್ಗದ ಬುಡದ ಹಳ್ಳಿಯ ಒಂದು ಜೀಪು, ಬ್ರೇಕ್ ಪೈಪಿನ ಕ್ಲಿಪ್ಪು. ವಿರೂಪಾಕ್ಷಿಪುರದ ಹಾಲಿನ ವ್ಯಾನು, ಚಕ್ರದ ನಟ್ಟು ಸಡಿಲಾಗದಂತೆ ಹಾಕಬೇಕಾದ ಪಿನ್ನು. ಕಬ್ಬಾಳಿನ ಒಬ್ಬರ ಕಾರು, ಹ್ಯಾಂಡ್‌ಬ್ರೇಕ್ ಕೇಬಲ್ಲು. ಕೆಂಪಯ್ಯ ಎದ್ದು ನಿಂತು, "ನನ್ನ ಕಾರು ಮೊದ್ಲು ಮಾಡು. ಆಮ್ಯಾಕೆ ಅವ್ರನ್ನ ಹುಡುಕ್ಕಂಡು ಹೋಗು" ಅಂದ. ಬೈಗುಳ ಇಲ್ಲ, ಏನಿಲ್ಲ. ಹೊಲದಲ್ಲಿ ಆಳಿಗೆ ಕೆಲಸ ಹೇಳಿದಂತೆ ಹೇಳಿದ.

ಅವನ ಕಾರು ಸರಿ ಮಾಡಿಕೊಟ್ಟು ನಾನು ಹೊರಟೆ. ಮೊದಲು ಸಾವನದುರ್ಗದ ಕಡೆ. ಜೀಪಿನ ಯಜಮಾನರು ವಯಸ್ಸಾದವರು. ಯಾಕೆ ಬಂದೆ ಎಂದು ಹೇಳಿದರೆ ಜೋರಾಗಿ ನಕ್ಕರು. "ಆ ಕ್ಲಿಪ್ಪು ನೀನು ಕೊಟ್ಟ ತಿಂಗಳಲ್ಲೇ ಬಿತ್ತು. ಮಾಗಡೀಲಿ ಹಾಕಿಸ್ದೆ. ಆವಾಗ್ಲೇ ನಿನ್ನ ಮನದಣಿಯೆ ಬೈದಾಗೈತೆ, ಈಗ ಬೈಯೋಕೆ ಏನೂ ಉಳಿದಿಲ್ಲ. ಮಜ್ಜಿಗೆ ಕುಡಿ" ಅಂದರು. ಕುಡಿದೆ. ಆದರೂ ಕ್ಲಿಪ್ಪನ್ನು ಕಣ್ಣಾರೆ ನೋಡಿಕೊಂಡೇ ಬಂದೆ.

ವಿರೂಪಾಕ್ಷಿಪುರದಲ್ಲಿ ಬೇರೆಯೇ ಆಯಿತು. ವ್ಯಾನು ಮನೆ ಮುಂದೆ ನಿಂತಿತ್ತು, ಒಳಗಿನಿಂದ ಯಾರೂ ಓಗೊಡಲಿಲ್ಲ. ತಡೆಯಲಾಗದೆ ಚಕ್ರದ ಮುಚ್ಚಳ ತೆಗೆದು ನೋಡಿದೆ. ಪಿನ್ನಿನ ಬದಲು ನಾನು ಅವತ್ತು ಸುತ್ತಿದ್ದ ತಂತಿ ಹಾಗೇ ಇತ್ತು. ತುಕ್ಕು ಹಿಡಿದು ದಾರದಷ್ಟು ತೆಳ್ಳಗಾಗಿತ್ತು. ಬೆರಳಲ್ಲಿ ಮುಟ್ಟಿದರೆ ಪುಡಿಯಾಯಿತು. ಅಷ್ಟರಲ್ಲಿ ಹಿತ್ತಿಲಿನಿಂದ ಬಂದ ಮನೆಯಾಕೆ, "ಯಾವನ್ಲಾ ಅವನು, ಹಗಲೊತ್ತಲ್ಲೇ ಚಕ್ರ ಬಿಚ್ತಾವ್ನೆ" ಎಂದು ಕೂಗಿ ಇಡೀ ಬೀದಿಯನ್ನೇ ಸೇರಿಸಿದರು. ನಾಲ್ಕು ಜನ ನನ್ನ ಸುತ್ತ ನಿಂತರು. ಜೇಬಿನಿಂದ ಹೊಸ ಪಿನ್ನು ತೆಗೆದು ತೋರಿಸಿ, ಪುಡಿಯಾದ ತಂತಿ ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಆಕೆಯ ಗಂಡ ದಿನಾ ಹಾಲಿನ ಕ್ಯಾನು ತುಂಬಿಕೊಂಡು ಅದೇ ಚಕ್ರದ ಮೇಲೆ ಓಡಾಡುತ್ತಿದ್ದ. ಆಕೆ ಆ ತಂತಿಯ ಪುಡಿಯನ್ನು ನನ್ನ ಅಂಗೈಯಿಂದ ತನ್ನ ಅಂಗೈಗೆ ಹಾಕಿಸಿಕೊಂಡು ನೋಡಿದರು. "ಹಾಕು ಹಂಗಾರೆ" ಅಂದರು. ಪಿನ್ನು ಹಾಕಿ ಮುಗಿಯುವ ತನಕ ಯಾರೂ ಕದಲಲಿಲ್ಲ.

ಕಬ್ಬಾಳಿನ ಕಾರು ಸಿಗಲಿಲ್ಲ. ಅವರು ಅದನ್ನು ಮಾರಿಬಿಟ್ಟಿದ್ದರು. ಕೊಂಡವರು ಕನಕಪುರದಲ್ಲಿ ಇನ್ನೊಬ್ಬರಿಗೆ ಕೊಟ್ಟಿದ್ದರು. ಅವರಿಂದ ಕೊಂಡವನು ತಮಿಳುನಾಡಿನ ಕಡೆಯವನು ಎಂಬಲ್ಲಿಗೆ ಜಾಡು ನಿಂತಿತು. ಸಿಕ್ಕಿದವರಿಗೆಲ್ಲ ಹೇಳಿ ಬಂದೆ, ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ತಾನಾಗಿ ಜಾರಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಕಂಡರೆ ಈಗಲೂ ಬಣ್ಣ ಯಾವುದು ಎಂದು ನೋಡುತ್ತೇನೆ.

ಚನ್ನಪಟ್ಟಣದ ಬ್ರೋಕರ್ ಹತ್ತಿರವೂ ಹೋಗಿದ್ದೆ. ಕೆಂಪಯ್ಯನೇ ಕರೆದುಕೊಂಡು ಹೋದ. ಅಂಗಡಿಯ ಮುಂದೆ, ನಾಲ್ಕು ಜನ ಇರುವಾಗಲೇ, ತಪ್ಪು ನನ್ನದು ಎಂದೆ. ಬ್ರೋಕರ್ ಕೆಂಪಯ್ಯನ ಕಡೆ ನೋಡಿ, "ಈಗಾದ್ರೂ ನಂಬ್ತೀಯೇನಪ್ಪ" ಅಂದ. ಕೆಂಪಯ್ಯ ಕೈ ಮುಗಿದ. ಅವನ ಪಾಲಿಗೆ ಅದು ಸುಲಭವಾಗಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಸುನಂದಳಿಗೂ ನಾನು ಒಂದು ಮಾತು ಹೇಳಬೇಕಾಗಿತ್ತು. ಒಂದು ಮಧ್ಯಾಹ್ನ ಕಾರು ಶೆಡ್ಡಿನ ಮುಂದೆ ನಿಂತಾಗ ಹತ್ತಿರ ಹೋಗಿ, "ನೀನು ಸರಿಯಾಗಿ ಹೇಳಿದ್ದೆ, ನಾನು ನಕ್ಕೆ. ತಪ್ಪಾಯ್ತಮ್ಮ" ಎಂದೆ. ಅವಳು, "ಕಾರ್ಖಾನೇಲೂ ಮೊದ್ಲು ನಗ್ತಿದ್ರು. ನಾನು ಪಕ್ಕಕ್ಕಿಟ್ಟ ಫ್ಯಾನು ಬಿಚ್ಚಿ ನೋಡಿದ್ಮೇಲೆ ನಗಾದು ಬುಟ್ರು" ಅಂದಳು. ಅಲ್ಲಿಂದ ಮುಂದೆ ಶಬ್ದದ ಗಾಡಿ ಬಂದರೆ ದಿನಾ ಅದರಲ್ಲಿ ಕೂರುವವರು ಯಾರೋ ಅವರನ್ನೂ ಕರೆಸುತ್ತಿದ್ದೆ. ಎಲ್ಲಿ ಕೂರುತ್ತೀರಿ, ಯಾವಾಗ ಕೇಳುತ್ತದೆ, ಕಾಲಿಗೆ ತಿಳಿಯುತ್ತದೋ ಕೈಗೋ ಎಂದು ಕೇಳಿ ಬರೆದುಕೊಂಡು, ಆಮೇಲೆ ಪಾನಾ ಹಿಡಿಯುತ್ತಿದ್ದೆ. ಅಪಾಯದ ಜಾಗದಲ್ಲಿ ಒಂದು ಬೋಲ್ಟ್ ಕಡಿಮೆ ಇದ್ದರೂ ಗಾಡಿ ಶೆಡ್ಡು ಬಿಟ್ಟು ಹೋಗುತ್ತಿರಲಿಲ್ಲ. ಮದುವೆ ಇರಲಿ, ತಿಥಿ ಇರಲಿ. ಅದರಿಂದ ಹಲವರು ಬೇಜಾರಾಗಿ ಬೇರೆ ಗ್ಯಾರೇಜಿಗೆ ಹೋದರು. ಹೋಗಲಿ ಎಂದು ಬಿಟ್ಟೆ.

ಕೆಂಪಯ್ಯ ಬೇರೆ ಕಡೆ ಹೋಗಲಿಲ್ಲ. ಅದು ನನಗೆ ಆಶ್ಚರ್ಯ. ನಾನು ಕೆಲಸ ಮಾಡುವಾಗ ಪಕ್ಕದಲ್ಲೇ ಕೂತಿರುತ್ತಿದ್ದ. ಮುಗಿಯಿತು ಅಂದರೆ, "ಪಾನಾ ಕೊಡು" ಎಂದು ಇಸಿದುಕೊಂಡು, ನಾನು ಮುಟ್ಟಿದ ಒಂದೊಂದು ಬೋಲ್ಟನ್ನೂ ತಾನೇ ಎಳೆದು ನೋಡುತ್ತಿದ್ದ. ಪಾನಾ ವಾಪಸ್ ಕೊಟ್ಟು, ಒಂದು ಮಾತೂ ಆಡದೆ ಗಾಡಿ ಹತ್ತುತ್ತಿದ್ದ. ಅವನು ನನ್ನನ್ನು ಮೊದಲಿನ ಹಾಗೆ ನಂಬಲಿಲ್ಲ. ಆದರೆ ಗಾಡಿಯನ್ನು ನನ್ನ ಹತ್ತಿರವೇ ತಂದ. ಆ ಕಾರು ಹೋಗಿ ವ್ಯಾನು ಬಂತು, ಅದು ಹೋಗಿ ಇನ್ನೂ ದೊಡ್ಡ ವ್ಯಾನು ಬಂತು. ಪ್ರತಿಸಲವೂ ಹಾಗೇ. ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಬರಬರುತ್ತಾ ಅವನು ಕೇಳುವ ಮೊದಲೇ ಪಾನಾ ಒರೆಸಿ ಇಟ್ಟಿರುತ್ತಿದ್ದೆ.

ಗ್ಯಾರೇಜು ಮುಚ್ಚುವ ದಿನ ಕೊನೆಯ ಕೆಲಸ ಅವನ ವ್ಯಾನಿನದೇ. ಮುಂದಿನ ಬ್ರೇಕ್ ಪ್ಯಾಡು ಬದಲಾಯಿಸಿ ಮೇಲೆದ್ದೆ. ಪಾನಾ ಅವನ ಕೈಗೆ ಕೊಟ್ಟೆ. ಅವನು ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಎಳೆದು ನೋಡಿದ. ಯಾವುದೂ ಕದಲಲಿಲ್ಲ. ಎದ್ದು ನಿಂತು ಕೈ ಒರೆಸಿಕೊಂಡ.

"ಬಿಗಿ ಐತೆ ಕಣಣ್ಣ" ಅಂದ.

ಅಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಇನ್ನು ಮುಂದೆ ಯಾರ ಹತ್ತಿರ ಹೋಗಬೇಕು ಎಂದು ಅವನು ಕೇಳಿದ. ರೈಲ್ವೆ ಗೇಟಿನ ಹತ್ತಿರ ಇರುವ ಒಬ್ಬ ಒಳ್ಳೆಯ ಮೆಕ್ಯಾನಿಕ್ಕನ ಹೆಸರು ಹೇಳಿದೆ.

"ಅವನ ಕೆಲಸಾನೂ ಹಿಂಗೇ ಮುಟ್ಟಿ ನೋಡು" ಎಂದೆ.

"ನೋಡ್ದೆ ಬುಡ್ತೀನಾ" ಅಂದ ಕೆಂಪಯ್ಯ, ವ್ಯಾನು ಸ್ಟಾರ್ಟ್ ಮಾಡಿದ.